ಶಂಭು ಮೊದಲು, ಸುಪ್ಪಂಡಿ ಆಮೇಲೆ

ಒಂಬತ್ತು ವರ್ಷದ ಮಗ ಪುಸ್ತಕ ಕಂಡರೆ ಮುಖ ತಿರುಗಿಸ್ತಾನೆ, ತಮಾಷೆ ಕಾಮಿಕ್ಸ್ ಕೊಟ್ಟರೆ ಬರೀ ಚಿತ್ರ ನೋಡಿ ಮಡಚಿಡ್ತಾನಾ ಅಂತ ಕೇಳಿದ್ದೀರಿ. ಮೊದಮೊದಲು ಹಾಗೇ ಮಾಡ್ತಾನೆ. ಮಾಡಲಿ ಬಿಡಿ.

ನಮ್ಮ ಶಿರಸಿ ಮನೆಯಲ್ಲಿ ಅಕ್ಕನ ಮಗನೂ ಹೀಗೇ ಇದ್ದ. ಒಂದು ಆಷಾಢದಲ್ಲಿ ಶಾಲೆಗೆ ಮಳೆ ರಜೆ, ಮೂರು ದಿನ ಕರೆಂಟಿಲ್ಲ, ಮೊಬೈಲ್ ಸತ್ತಿತ್ತು. ಅಟ್ಟದಿಂದ ಟಿಂಕಲ್ ಅನ್ನೋ ಮಕ್ಕಳ ಕಾಮಿಕ್ಸ್ ಪತ್ರಿಕೆಯ ನನ್ನ ಹಳೇ ಕಟ್ಟು ಇಳಿಸಿ ಜಗಲಿ ಮೇಲೆ ಸುಮ್ನೆ ಇಟ್ಟೆ. ಓದು ಅನ್ನಲಿಲ್ಲ. ಅವನು ಎತ್ತಿಕೊಂಡಿದ್ದು ಶಿಕಾರಿ ಶಂಭುವನ್ನ. ಕಣ್ಣು ಮುಚ್ಚುವ ಟೋಪಿ, ಹೆಸರಿಗೆ ಬೇಟೆಗಾರ, ಒಳಗೆ ಪುಕ್ಕಲ. ಹೆದರಿ ಓಡ್ತಾನೆ, ಎಡವಿ ಬೀಳ್ತಾನೆ, ಹೇಗೋ ಪ್ರಾಣಿಯೇ ಸಿಕ್ಕಿಬೀಳುತ್ತೆ. ಇದಕ್ಕೆ ಅಕ್ಷರ ಜಾಸ್ತಿ ಬೇಡ, ಚಿತ್ರವೇ ನಗಿಸುತ್ತೆ.

ಅದೇ ಟಿಂಕಲ್‌ನ ಸುಪ್ಪಂಡಿ ಹಾಗಲ್ಲ. ಹೇಳಿದ ಮಾತನ್ನ ಹೇಳಿದ ಹಾಗೇ ಮಾಡಿ ಎಡವಟ್ಟು ಮಾಡಿಕೊಳ್ಳೋ ಆಳು ಅವನು. ಯಜಮಾನ ಏನಂದ ಅಂತ ಗೊತ್ತಾಗದಿದ್ದರೆ ನಗು ಬರೋದಿಲ್ಲ. ನಾನು ಹಲಸಿನ ಬೇಳೆ ಸುಲಿಯುತ್ತ ಕೂತಿದ್ದೆ. "ಮಾವಾ, ಇಲ್ಲಿ ಎಂತ ಬರದ್ದು?" ಅಂತ ಬಂದ. ಇಂಗ್ಲಿಷ್ ಬೇರೆ. ಆ ಒಂದು ಗುಳ್ಳೆಯ ಮಾತನ್ನಷ್ಟೇ ನಮ್ಮ ಮಾತಿನಲ್ಲಿ ಹೇಳಿ ವಾಪಸ್ ಕೊಟ್ಟೆ. ನಾಲ್ಕನೇ ಸಲಕ್ಕೆ, "ಕೈ ಬಿಡುವಿಲ್ಲ, ನೀನೇ ನೋಡು" ಅಂದೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಆಮೇಲೆ ಡೇವ್ ಪಿಲ್ಕಿಯವರ 'ಡಾಗ್ ಮ್ಯಾನ್' ತಂದೆ. 2016ರಲ್ಲಿ ಶುರುವಾದ ಇಂಗ್ಲಿಷ್ ಕಾಮಿಕ್ಸ್ ಸರಣಿ. ಗಾಯಗೊಂಡ ಪೊಲೀಸನ ಮೈಗೆ ಅವನ ನಾಯಿಯ ತಲೆ ಹೊಲಿದುಬಿಡ್ತಾರೆ, ಅಲ್ಲಿಂದ ಕಥೆ. ಕೆಲವು ಹಾಳೆಗಳನ್ನ ಬೇಗ ಬೇಗ ಮಗುಚಿದರೆ ಚಿತ್ರ ಕುಣಿಯುತ್ತೆ. ನಮ್ಮ ಪ್ರತಿಯಲ್ಲಿ ಆ ಹಾಳೆಗಳೇ ಹರಿದಿವೆ. ಬರೆದವರು ಇಬ್ಬರು ಪೋಕರಿ ಹುಡುಗರು ಅನ್ನೋ ಲೆಕ್ಕ, ಹಾಗಾಗಿ ಬೇಕಂತಲೇ ಸ್ಪೆಲ್ಲಿಂಗ್ ತಪ್ಪು. ಒಬ್ಬ ಟೀಚರ್ ಇದನ್ನ ನೋಡಿ ಹುಬ್ಬು ಗಂಟು ಹಾಕಿದ್ದರು. ಆದರೆ ಹುಡುಗನೇ ತಪ್ಪು ಹುಡುಕಿ ನನಗೆ ತೋರಿಸ್ತಿದ್ದ! ಪಿಲ್ಕಿಯವರಿಗೂ ಚಿಕ್ಕಂದಿನಲ್ಲಿ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದೋಕೆ ಕಷ್ಟವಾಗೋ ತೊಂದರೆ, ಇತ್ತು, ಕ್ಲಾಸಿನಿಂದ ಆಚೆ ಕೂರಿಸಿದಾಗ ಚಿತ್ರ ಗೀಚುತ್ತಿದ್ದರು.

ಕನ್ನಡದಲ್ಲಿ ಬೇಕಾದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತೆ. ಅವು ಕಾಮಿಕ್ಸ್‌ಗಿಂತ ಚಿತ್ರಕಥೆಗಳೇ ಜಾಸ್ತಿ, ಆದರೂ ನಗಿಸುವಂಥವು ಇವೆ. ಯಾರ ಮನೆಯ ಅಟ್ಟದಲ್ಲಾದರೂ ಹಳೇ ಬಾಲಮಂಗಳ ಪತ್ರಿಕೆ ಇದ್ದರೆ, ಅದರ ಕಾಮಿಕ್ಸ್ ನಾಯಕ ಡಿಂಗನಿಗಾಗಿಯಾದರೂ ಕೇಳಿ ತನ್ನಿ.

ಓದಿದ ಮೇಲೆ "ಏನು ಕಲಿತೆ?" ಅಂತ ಮಾತ್ರ ಕೇಳಬೇಡಿ. ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ಬಂದಾಗ ನಿದ್ದೆಯಿಂದ ಎದ್ದು ಕೂತ ಮಗುವಿಗೆ ಪ್ರಸಂಗದ ಅರ್ಥ ಹೇಳು ಅಂತೀವಾ?

ಪಠ್ಯಪುಸ್ತಕ ಅಂದರೆ ನಮ್ಮವನಿಗೆ ಈಗಲೂ ಅಷ್ಟಕ್ಕಷ್ಟೇ. ಮೊನ್ನೆ ಅಕ್ಕ ತೋಟಕ್ಕೆ ಹೋಗುವಾಗ "ಹಾಲು ನೋಡ್ತಾ ಇರು" ಅಂದಳಂತೆ. ಉಕ್ಕಿ ಒಲೆಯೆಲ್ಲ ಹರಿಯೋವರೆಗೂ ನೋಡಿದ್ದಾನೆ.