ಜಗತ್ತಿನ ಅತಿ ವಿಚಿತ್ರ ರೇಸ್ ಕಾರು ಯಾವುದು? ಬೆಂಗಳೂರಿನವರಿಗೆ ಅಂಥದ್ದನ್ನು ನೋಡುವ ಯೋಗವಿದೆಯೇ?

ಆರು ಚಕ್ರದ ಟಿರೆಲ್ ಕಾರಿನ ಚಿತ್ರ ಹಾಕಿ, ಇದಕ್ಕಿಂತ ವಿಚಿತ್ರವಾದದ್ದು ಉಂಟೇ ಎಂದು ಕೇಳಿದ್ದೀರಿ. ಉಂಟು. 1978ರ ಬ್ರಾಬಮ್ ಬಿಟಿ46ಬಿ, ಬೆನ್ನಿಗೆ ದೊಡ್ಡ ಫ್ಯಾನ್ ಹೊತ್ತ ಫಾರ್ಮುಲಾ ಒನ್ ಕಾರು. ನಿಮ್ಮ ಟಿರೆಲ್ ಪಿ34 ನೋಡಲು ವಿಚಿತ್ರ, ಅಷ್ಟೇ. ಅದರ ಹಿಂದಿನ ಲೆಕ್ಕಾಚಾರ ಸರಳವಾಗಿತ್ತು: ಮುಂದಿನ ಚಕ್ರಗಳನ್ನು ಚಿಕ್ಕದಾಗಿಸಿ ಮೂತಿಯ ಮರೆಗೆ ಸರಿಸಿದರೆ ಗಾಳಿಯ ತಡೆ ತಗ್ಗುತ್ತದೆ, ಚಿಕ್ಕ ಚಕ್ರ ಎರಡಾದರೆ ಹಿಡಿತ ಸಾಲದು, ಆದ್ದರಿಂದ ನಾಲ್ಕು. 1976ರಲ್ಲಿ ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಜೋಡಿ ಶೆಕ್ಟರ್ ಇದರಲ್ಲೇ ಗೆದ್ದರು. ಆ ಪುಟ್ಟ ಟೈರುಗಳನ್ನು ಸುಧಾರಿಸುವ ಕೆಲಸ ಹಿಂದೆ ಬಿದ್ದಿದ್ದರಿಂದ 1977ರ ಕೊನೆಗೆ ಕಾರು ಮೂಲೆ ಸೇರಿತು.

ಬ್ರಾಬಮ್ ಕಥೆ ಬೇರೆ. ಅದರಲ್ಲಿ ಎಂಜಿನಿಯರಿಂಗ್ ಎಷ್ಟಿದೆಯೋ ಕಿಲಾಡಿತನವೂ ಅಷ್ಟೇ ಇದೆ.

ಆ ಹೊತ್ತಿಗೆ ಲೋಟಸ್ ತಂಡ ಕಾರಿನ ತಳವನ್ನೇ ತಲೆಕೆಳಗಾದ ವಿಮಾನದ ರೆಕ್ಕೆಯ ಆಕಾರಕ್ಕೆ ತಂದಿತ್ತು. ಕೆಳಗೆ ನುಗ್ಗುವ ಗಾಳಿಯ ಒತ್ತಡ ಕುಸಿದು ಕಾರು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ತಿರುವುಗಳಲ್ಲಿ ಉಳಿದವರಿಗೆ ಅದನ್ನು ಹಿಡಿಯಲು ಆಗುತ್ತಿರಲಿಲ್ಲ. ಬ್ರಾಬಮ್ ವಿನ್ಯಾಸಕಾರ ಗಾರ್ಡನ್ ಮರ್ರೆಗೆ ಆ ದಾರಿ ಮುಚ್ಚಿತ್ತು. ಅವರ ಪಾಲಿಗೆ ಬಂದಿದ್ದ ಆಲ್ಫಾ ರೋಮಿಯೋ ಎಂಜಿನ್ನಿನ ಹನ್ನೆರಡು ಸಿಲಿಂಡರುಗಳು ಅಡ್ಡಡ್ಡ ಮಲಗಿದ್ದವು. ತಳದಲ್ಲಿ ಗಾಳಿಗೆ ಸುರಂಗ ಕೊರೆಯಲು ಜಾಗವೇ ಇರಲಿಲ್ಲ. ಚಾಪೆಯ ಕೆಳಗೆ ತೂರುವವನು ಎದುರಾದರೆ ರಂಗೋಲಿಯ ಕೆಳಗೆ ತೂರಬೇಕಲ್ಲವೇ? ಮರ್ರೆ ಮಾಡಿದ್ದು ಅದನ್ನೇ. ಎಂಜಿನ್ನಿನ ಮೇಲೆ ರೇಡಿಯೇಟರನ್ನು ಮಲಗಿಸಿ, ಸುತ್ತ ಪಟ್ಟಿ ಇಳಿಬಿಟ್ಟು ನೆಲದವರೆಗೂ ಮುಚ್ಚಿ, ಹಿಂದೆ ಫ್ಯಾನ್ ಕೂರಿಸಿ ಒಳಗಿನ ಗಾಳಿಯನ್ನೆಲ್ಲ ಹೊರಗೆಳೆದರು. ಗಾಳಿಯ ಒತ್ತಡಕ್ಕಾಗಿ ಚಲಿಸುವ ಭಾಗ ಇರಕೂಡದು ಎಂಬ ನಿಯಮವಿತ್ತು. ಈ ಫ್ಯಾನ್ ಇರುವುದು ಎಂಜಿನ್ ತಂಪಾಗಿಸಲು, ಕಾರು ನೆಲಕ್ಕೆ ಅಂಟುವುದು ಅದರ ಉಪಫಲ ಎಂದು ಅವರು ವಾದಿಸಿದರು. ಫ್ಯಾನ್ ರೇಡಿಯೇಟರನ್ನು ನಿಜವಾಗಿಯೂ ತಂಪಾಗಿಸುತ್ತಿದ್ದುದರಿಂದ ಸುಳ್ಳು ಎನ್ನುವುದೂ ಕಷ್ಟ.

ಫ್ಯಾನಿಗೆ ಶಕ್ತಿ ಬರುತ್ತಿದ್ದುದು ಕಾರಿನ ಎಂಜಿನ್ನಿನಿಂದಲೇ. ಹಾಗಾಗಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೂ ಕಾರು ಎಲ್ಲರ ಕಣ್ಣೆದುರು ಕುಕ್ಕರಗಾಲಿನಲ್ಲಿ ಕುಳಿತಂತೆ ತಗ್ಗುತ್ತಿತ್ತು. ಓಡಿಸುವವನ ಪಾಡು ಇನ್ನೂ ಮಜಾ: ತಿರುವಿನಲ್ಲಿ ಹೆದರಿ ಕಾಲು ತೆಗೆದರೆ ಫ್ಯಾನಿನ ವೇಗ ಕುಗ್ಗಿ ಹಿಡಿತ ಕೈಕೊಡುತ್ತದೆ, ಧೈರ್ಯ ಮಾಡಿ ಒತ್ತಿದರೆ ಕಾರು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ತಂಡದವರು ನಿಲ್ಲಿಸಿದಾಗ ಫ್ಯಾನನ್ನು ಕಸದ ಡಬ್ಬಿಯ ಮುಚ್ಚಳದಿಂದ ಮರೆಮಾಡುತ್ತಿದ್ದರು, ನಿಜವಾದ ವೇಗ ಬಯಲಾಗದಿರಲೆಂದು ಅರ್ಹತಾ ಸುತ್ತಿನಲ್ಲಿ ಟ್ಯಾಂಕ್ ತುಂಬ ಇಂಧನ ಹೊತ್ತು ಓಡಿಸಿದರು. ಅದೇ ಆಂಡರ್‌ಸ್ಟಾರ್ಪ್‌ನಲ್ಲಿ, 1978ರ ಜೂನ್ 17ರಂದು, ನಿಕಿ ಲೌಡಾ ಅರ್ಧ ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಗಲಾಟೆ ಎದ್ದಿತು. ತಂಡದ ಒಡೆಯ ಬರ್ನಿ ಎಕಲ್‌ಸ್ಟನ್ ಉಳಿದ ತಂಡಗಳೊಂದಿಗೆ ಸಂಬಂಧ ಕೆಡಿಸಿಕೊಳ್ಳಲು ಇಷ್ಟಪಡದೆ ಕಾರನ್ನು ಹಿಂದಕ್ಕೆ ಕರೆಸಿಕೊಂಡರು. ಒಂದು ಪಂದ್ಯ, ಒಂದು ಗೆಲುವು. ಇಂಥ ದಾಖಲೆ ಇನ್ನಾವ ಕಾರಿಗಿದೆ?

ಫ್ಯಾನ್ ಉಪಾಯಕ್ಕೆ ಮರ್ರೆ ಮೊದಲಿಗರಲ್ಲ. 1970ರಲ್ಲೇ ಅಮೆರಿಕದ ಜಿಮ್ ಹಾಲ್ ಅವರ ಶಾಪರಲ್ 2ಜೆ ಎರಡು ಫ್ಯಾನ್ ಹೊತ್ತು ಓಡಿತ್ತು, ಅವುಗಳನ್ನು ತಿರುಗಿಸಲೆಂದೇ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯ ಎಂಜಿನ್ ಇಟ್ಟುಕೊಂಡಿತ್ತು. ಅದೂ ನಿಷೇಧಕ್ಕೆ ಬಲಿಯಾಯಿತು. ಈಗ ಇಂಗ್ಲೆಂಡಿನ ಮೆಕ್‌ಮರ್ಟ್ರಿ ಸ್ಪಿಯರ್ಲಿಂಗ್ ಎಂಬ ಪುಟ್ಟ ವಿದ್ಯುತ್ ಕಾರು ಅದೇ ಉಪಾಯದಿಂದ 2022ರಲ್ಲಿ ಗುಡ್‌ವುಡ್ ಗುಡ್ಡದ ಓಟವನ್ನು 39.08 ಸೆಕೆಂಡುಗಳಲ್ಲಿ ಮುಗಿಸಿ ದಾಖಲೆ ಬರೆದಿದೆ. ನಿಂತಲ್ಲೇ ಸುಮಾರು 2,000 ಕಿಲೋ ಒತ್ತಡ ಹುಟ್ಟಿಸುವ ಈ ಕಾರನ್ನು 2025ರಲ್ಲಿ ತಲೆಕೆಳಗಾಗಿ ಓಡಿಸಿಯೂ ತೋರಿಸಿದರು. ರೇಸಿನ ನಿಯಮಗಳ ಹಂಗಿಲ್ಲದಿದ್ದರೆ ಇಂಥ ಕಾರುಗಳು ಎಲ್ಲಿಗೆ ಹೋಗಿ ಮುಟ್ಟುತ್ತಿದ್ದವು ಎಂಬುದಕ್ಕೆ ಇದೇ ಸಾಕ್ಷಿ.

ಇನ್ನು ಬೆಂಗಳೂರು. ಭಾನುವಾರ ಬೆಳಿಗ್ಗೆ ಲ್ಯಾವೆಲ್ಲೆ ರಸ್ತೆಯಲ್ಲಿ ರಸ್ತೆ ಉಬ್ಬು ಕಂಡೊಡನೆ ಮೂತಿ ಎತ್ತಿ ತೆವಳುವ ಕೋಟಿ ಬೆಲೆಯ ಕಾರುಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಜವಾದ ರೇಸ್ ಕಾರು ಇಲ್ಲಿ ಸದ್ದು ಮಾಡಿದ್ದು 2011ರ ಸೆಪ್ಟೆಂಬರಿನಲ್ಲಿ. ಲೂಯಿಸ್ ಹ್ಯಾಮಿಲ್ಟನ್ ಮೆಕ್‌ಲಾರೆನ್ ಕಾರನ್ನು ನೈಸ್ ರಸ್ತೆಯಲ್ಲಿ ಓಡಿಸಿದರು. ಆ ಜಂಗುಳಿಯಲ್ಲಿ ನಾನೂ ಇದ್ದೆ. ಕಾರಿಗಿಂತ ಮೊದಲು ಸದ್ದು ಬಂತು, ಕಿವಿಗಲ್ಲ, ನೇರ ಎದೆಗೂಡಿಗೆ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಎರಡೂ ಕಿವಿ ಮುಚ್ಚಿಕೊಂಡು ಮಗುವಿನಂತೆ ನಗುತ್ತಿದ್ದರು. ಟೈರ್ ಸುಟ್ಟ ಹೊಗೆ ಮೈಮೇಲೆ ಹಾಯ್ದುಹೋಯಿತು. ಟಿವಿಯಲ್ಲಿ ಇದರ ಕಾಲು ಭಾಗವೂ ಸಿಗುವುದಿಲ್ಲ.

ವಿಚಿತ್ರ ಕಾರುಗಳಲ್ಲಿ ಬೆಂಗಳೂರಿನ ಪಾಲೂ ಇದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. 1990ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ 'ಸನ್‌ರನ್ನರ್' ಎಂಬ ಸೌರ ಕಾರು ಆಸ್ಟ್ರೇಲಿಯಾವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟುವ ರೇಸಿನಲ್ಲಿ ಮೂರನೆಯದಾಯಿತು. ಆ ತಂಡದಲ್ಲಿದ್ದ ಬೆಂಗಳೂರಿನ ಚೇತನ್ ಮೈನಿ ಮುಂದೆ ಇಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ತಂದರು. ನಮ್ಮ ಫ್ಲೈಓವರ್ ಏರುವಾಗ ಹಿಂದಿನವರ ತಾಳ್ಮೆ ಪರೀಕ್ಷಿಸುತ್ತಿದ್ದ ಅದೇ ರೇವಾ! ಅದೇ ಕುಟುಂಬದ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರ ಸ್ಪ್ರಿಂಟ್ (ಕಿರು) ರೇಸ್ ಗೆದ್ದರು.

ಸದ್ಯ ಕಣ್ಣಾರೆ ರೇಸ್ ನೋಡಬೇಕೆಂದಿದ್ದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಿ. ಎಲ್‌ಜಿಬಿ ಫಾರ್ಮುಲಾ 4 ಕಾರುಗಳು ಬಂದರೆ ತಪ್ಪಿಸಿಕೊಳ್ಳಬೇಡಿ: ಒಂಟಿ ಸೀಟು, ಮುಚ್ಚಿಗೆಯಿಲ್ಲದೆ ಹೊರಗೆ ಚಾಚಿದ ಚಕ್ರ, ಹಿಂದೆ ಮಾರುತಿ ಎಸ್ಟೀಮ್ ಎಂಜಿನ್. ಟೋಪಿ ಮರೆಯಬೇಡಿ, ಅಲ್ಲಿ ನೆರಳಿಗೆ ಬಲು ಬರ.