ಸಂಪಾದಕರ ಉತ್ತರ: ಕೋಡಿನ ಕೂಸೂ ಹಿಡಿಂಬನ ಹಲ್ಲೂ

ದಾವಣಗೆರೆಯ ವಿದ್ಯಾನಗರದಿಂದ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು. ಐವರು ಗೆಳೆಯರು ಪ್ರತಿ ಭಾನುವಾರ ಇವರ ಮನೆಯ ಮಹಡಿಯಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಾರೆ; ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಅದು. ಕಥೆ ನಡೆಸುವ ಡಂಜನ್ ಮಾಸ್ಟರ್ ಇವರೇ. ಎಲ್ಲರಿಗೂ ಹತ್ತಿರವಾಗಲಿ ಎಂದು ಆಟವನ್ನು ಕನ್ನಡಕ್ಕೆ ತರಲು ಹೊರಟಿದ್ದಾರೆ. ಪಾತ್ರದ ಹಾಳೆಯಲ್ಲಿ, ಆ ಪಾತ್ರ ಯಾವ ಬಗೆಯ ಜೀವಿ ಎಂದು ತುಂಬುವ ‘ರೇಸ್’ ಎಂಬ ಅಂಕಣದಲ್ಲಿ, ‘ಜಾತಿ’ ಎಂದು ಬರೆದರಂತೆ. ಒಬ್ಬ ಗೆಳೆಯ ಆ ಹಾಳೆ ನೋಡಿ ಮಾತು ನಿಲ್ಲಿಸಿದ, ಎರಡು ವಾರದಿಂದ ಆಟಕ್ಕೆ ಬಂದಿಲ್ಲ. ‘ಟೀಫ್ಲಿಂಗ್ ಎಂಬುದನ್ನು ರಾಕ್ಷಸ ಎಂದು ಅನುವಾದಿಸಬಹುದೇ? ಕೋಡು, ಬಾಲದ ಚಿತ್ರ ನೋಡಿ ಅಮ್ಮ ಮನೆಯೊಳಗೆ ದೆವ್ವಗಳ ಸಹವಾಸ ಬೇಡ ಎನ್ನುತ್ತಾರೆ, ಏನು ಹೇಳಲಿ?’ ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ,

ನೀವು ಪತ್ರದ ಜೊತೆಗಿಟ್ಟ ಹಾಳೆ ನನ್ನ ಮೇಜಿನ ಮೇಲಿದೆ. ಅದರ ಒಂದು ಮೂಲೆಗೆ ಮೆಣಸಿನಕಾಯಿ ಬಜ್ಜಿಯ ಎಣ್ಣೆ ಇಳಿದಿದೆ, ಲಕೋಟೆ ಒಡೆದಾಗ ಮಂಡಕ್ಕಿಯ ಒಂದು ಕಾಳೂ ಉದುರಿತು. ಮೇಲಿನ ಸಾಲಿನಲ್ಲಿ ಹೆಸರು, ಅದರ ಕೆಳಗೆ ಜಾತಿ. ಶಾಲೆಗೆ ಸೇರಿಸುವ ದಿನ ಅಪ್ಪನ ಪಕ್ಕ ನಿಂತು ನಾವೆಲ್ಲ ನೋಡಿದ ಅರ್ಜಿಯ ರೂಪವೇ ಇದು. ನಿಮ್ಮ ಗೆಳೆಯ ಯಾಕೆ ಸುಮ್ಮನಾದ ಎಂಬುದಕ್ಕೆ ನನಗೆ ಬೇರೆ ಕಾರಣ ಬೇಕಿಲ್ಲ. ವಾರವಿಡೀ ಅಂಥ ಅಂಕಣ ತುಂಬಿದವನು ಭಾನುವಾರ ಮಹಡಿ ಹತ್ತಿ ಬಂದರೆ ಅಲ್ಲಿಯೂ ಅದೇ ಕಾದಿತ್ತು.

ಈ ತೊಡಕು ನಿಮ್ಮೊಬ್ಬರದಲ್ಲ, ಆಟ ಮಾಡಿದವರದೂ ಹೌದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟವನ್ನು ಹೊರತಂದಾಗ ಎಲ್ಫ್, ಡ್ವಾರ್ಫ್ ಮುಂತಾದ ಕಲ್ಪಿತ ಜೀವಿಗಳ ಶಕ್ತಿಗಳೂ ಮಿತಿಗಳೂ ಹುಟ್ಟಿನಿಂದಲೇ ತೀರ್ಮಾನವಾಗುತ್ತಿದ್ದವು. 2016ರ ಒಂದು ಪೂರಕ ಪುಸ್ತಕದಲ್ಲಂತೂ ಆರ್ಕ್ ಪಾತ್ರ ಆಯ್ದುಕೊಂಡವರು ಬುದ್ಧಿಯ ಅಂಕದಿಂದ ಎರಡನ್ನು ಕಳೆದುಕೊಳ್ಳಬೇಕಿತ್ತು. ಅದನ್ನು 2020ರಲ್ಲಿ ತೆಗೆದುಹಾಕಿದರು. 2024ರ ನಿಯಮ ಪುಸ್ತಕದಲ್ಲಿ ‘ರೇಸ್’ ಎಂಬ ಮಾತೇ ಇಲ್ಲ, ಅಲ್ಲಿರುವುದು ‘ಸ್ಪೀಶೀಸ್’, ಜೀವಿಯ ಬಗೆ. ಬಲ, ಬುದ್ಧಿ, ಚುರುಕುತನಕ್ಕೆ ಸಿಗುವ ಹೆಚ್ಚುವರಿ ಅಂಕಗಳು ಈಗ ಹುಟ್ಟಿನ ಜೊತೆ ಬರುವುದಿಲ್ಲ. ಆ ಪಾತ್ರ ಹಿಂದೆ ಏನಾಗಿತ್ತು, ರೈತನೋ, ಸಿಪಾಯಿಯೋ, ಲಿಪಿಕಾರನೋ, ಅದರಿಂದ ಬರುತ್ತವೆ. ಐವತ್ತು ವರ್ಷ ತೆಗೆದುಕೊಂಡರೂ ಸರಿಯಾದ ತಿದ್ದುಪಡಿ. ಅವರು ಬಿಟ್ಟುಕೊಟ್ಟದ್ದನ್ನು ನಾವು ಕನ್ನಡದ ಹಾಳೆಯಲ್ಲಿ ಮತ್ತೆ ಬರೆದುಕೊಳ್ಳುವುದು ಬೇಡ. ‘ಮೂಲ’ ಎಂದು ಬರೆಯಿರಿ. ಮೂಲ: ಎಲ್ಫ್. ಮೂಲ: ಟೀಫ್ಲಿಂಗ್. ನದಿಗೂ ಕಥೆಗೂ ಒಪ್ಪುವ ಆ ಮಾತು ಯಾರನ್ನೂ ಕೂರಿಸಿ ವಿಚಾರಣೆ ಮಾಡುವುದಿಲ್ಲ.

ಇನ್ನು ಟೀಫ್ಲಿಂಗ್. ಈ ಆಟ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ನರಕಲೋಕದವರ ನೆತ್ತರು ಎಂದೋ ಬೆರೆತ ಮನುಷ್ಯರ ಸಂತತಿ ಅದು. ಕೋಡಿದೆ, ಬಾಲವಿದೆ, ಕತ್ತಲಲ್ಲಿ ಕಣ್ಣು ಕಾಣುತ್ತದೆ. 1994ರಲ್ಲಿ ಪ್ಲೇನ್‌ಸ್ಕೇಪ್ ಎಂಬ ಕಥಾಲೋಕದ ಜೊತೆ ಬಂದ ಇವರು 2008ರಲ್ಲಿ ಮೂಲ ನಿಯಮ ಪುಸ್ತಕಕ್ಕೇ ಸೇರಿದರು. ಆ ಆವೃತ್ತಿಯ ಪ್ರಕಾರ, ಬೇಲ್ ಟುರಾತ್ ಎಂಬ ಸಾಮ್ರಾಜ್ಯದ ಕುಲೀನರು ಅಧಿಕಾರದ ಆಸೆಗೆ ಡೆವಿಲ್‌ಗಳ ಜೊತೆ ಒಪ್ಪಂದ ಮಾಡಿಕೊಂಡರು, ಅದರ ಗುರುತು ಅವರ ಸಂತತಿಯ ಮೈಮೇಲೆ ಉಳಿಯಿತು. ಮುತ್ತಜ್ಜ ಹಾಕಿದ ಸಹಿಗೆ ಮರಿಮಗಳ ಹಣೆಯಲ್ಲಿ ಕೋಡು. ಅವಳು ಊರೊಳಗೆ ಕಾಲಿಟ್ಟರೆ ಅಂಗಡಿಯವನು ಗಲ್ಲಾಪೆಟ್ಟಿಗೆಯ ಮೇಲೆ ಕೈ ಇಡುತ್ತಾನೆ. ಅವಳು ಇನ್ನೂ ಏನೂ ಮಾಡಿಲ್ಲ. ಟೀಫ್ಲಿಂಗ್ ಪಾತ್ರದ ಜೀವ ಇರುವುದು ಇಲ್ಲಿ, ಬೆಂಕಿ ಉಗುಳುವ ಮಂತ್ರದಲ್ಲಲ್ಲ.

ಇದನ್ನು ‘ರಾಕ್ಷಸ’ ಎಂದು ಕರೆಯಬಾರದು ಎಂಬುದೇ ನನ್ನ ಖಚಿತ ಅಭಿಪ್ರಾಯ. ಒಂದು ಸಣ್ಣ ಕಾರಣ, ಆಟದಲ್ಲಿ ಆ ಹೆಸರು ಈಗಾಗಲೇ ಬೇರೆಯವರದಾಗಿದೆ. ಬಹುಕಾಲದಿಂದ ಅಲ್ಲಿ ರಾಕ್ಷಸ ಎಂದರೆ ಹುಲಿಯ ತಲೆಯ, ಅಂಗೈ ಹಿಂದುಮುಂದಾಗಿರುವ ಒಬ್ಬ ವಂಚಕ. ಅವನು ವೈರಿ ಮಾತ್ರ. ದೊಡ್ಡ ಕಾರಣ ಬೇರೆಯೇ. ಆಟದ ಫೀಂಡ್‌ಗಳು, ಎಂದರೆ ನರಕಲೋಕದವರು, ಸ್ವಭಾವತಃ ಕೇಡಿಗರು. ಒಂಬತ್ತು ನರಕಗಳ ಡೆವಿಲ್‌ಗಳು ತಮ್ಮ ಒಡೆಯ ಅಸ್ಮೋಡಿಯಸ್‌ನ ಕೈಕೆಳಗೆ ಕಾನೂನು, ದರ್ಜೆ, ಬರಹದ ಕರಾರು ಹಿಡಿದು ಕೇಡು ಮಾಡುತ್ತಾರೆ. ಅಬಿಸ್ ಎಂಬ ಪಾತಾಳದ ಡೀಮನ್‌ಗಳಿಗೆ ಯಾವ ಕಟ್ಟುಪಾಡೂ ಇಲ್ಲ, ಕಂಡದ್ದನ್ನೆಲ್ಲ ಒಡೆಯುತ್ತಾರೆ. ಈ ಎರಡು ಬಣಗಳ ನಡುವೆ ಮುಗಿಯದ ರಕ್ತಸಮರ. ನಮ್ಮ ಪುರಾಣದಲ್ಲಿ ರಾಕ್ಷಸರದು ಒಂದು ವಂಶ. ಅದರಲ್ಲಿ ರಾವಣನೂ ಇದ್ದಾನೆ, ವಿಭೀಷಣನೂ ಇದ್ದಾನೆ. ದೈತ್ಯರ ಮನೆಯಲ್ಲಿ ಹಿರಣ್ಯಕಶಿಪುವಿನ ಮಗನಾಗಿ ಪ್ರಹ್ಲಾದ ಹುಟ್ಟುತ್ತಾನೆ. ಆ ಪ್ರಹ್ಲಾದನ ಮೊಮ್ಮಗ ಬಲಿಯನ್ನು ನಾವು ದೀಪಾವಳಿಯಲ್ಲಿ ಪೂಜಿಸುತ್ತೇವೆ.

ಕೊಡುವವರು ಯಾರು, ಬೇಡುವವರು ಯಾರು ಎಂಬುದನ್ನೂ ನೋಡಿ. ಅಲ್ಲಿ ಡೆವಿಲ್ ಕೊಡುತ್ತಾನೆ, ಬದಲಿಗೆ ಆತ್ಮವನ್ನು ಬರೆಸಿಕೊಳ್ಳುತ್ತಾನೆ. ನಮ್ಮಲ್ಲಿ ಬೇಡುವವನೇ ಅಸುರ. ವರ್ಷಗಟ್ಟಲೆ ತಪಸ್ಸು ಮಾಡಿ, ಬೆಲೆಯನ್ನೆಲ್ಲ ಮೊದಲೇ ತೆತ್ತು ವರ ಕೇಳುತ್ತಾನೆ. ನಿಮ್ಮ ಮನೆಯಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಹರಿಹರವಿದೆ. ಹರಿಯಿಂದಲೂ ಹರನಿಂದಲೂ ತನಗೆ ಸಾವು ಬಾರದಿರಲಿ ಎಂದು ಗುಹಾಸುರ ಬ್ರಹ್ಮನಿಂದ ವರ ಪಡೆದನು, ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರು ಎಂಬುದು ಅಲ್ಲಿನ ಸ್ಥಳಪುರಾಣ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣುವಾಗಿ ನಿಂತ ಆ ಮೂರ್ತಿಯನ್ನು ನೀವು ನೋಡಿಯೇ ಇರುತ್ತೀರಿ. ಕರಾರಿನಲ್ಲಿ ಉಳಿದ ಒಂದು ಬಿರುಕಿನಿಂದ ಕಥೆ ತಿರುಗುವುದು ಹೇಗೆಂದು ಕಲಿಯಲು ಡಂಜನ್ ಮಾಸ್ಟರ್ ಒಬ್ಬರಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಕಂಬಗಳ ನಡುವೆ ಅರ್ಧ ದಿನ ಕೂತು ಬನ್ನಿ.

ಟೀಫ್ಲಿಂಗ್‌ಗೆ ನಮ್ಮಲ್ಲಿ ನೆಂಟ ಯಾರು ಎಂದರೆ ನಾನು ಘಟೋತ್ಕಚನ ಹೆಸರು ಹೇಳುತ್ತೇನೆ. ಚಿಕ್ಕವನಿದ್ದಾಗ ಚಿತ್ರದುರ್ಗದ ಕೋಟೆಯ ಹಿಡಿಂಬೇಶ್ವರ ಗುಡಿಗೆ ಅಜ್ಜಿ ಕರೆದುಕೊಂಡು ಹೋಗಿದ್ದರು. ಹಿಡಿಂಬನ ಹಲ್ಲು ಎಂದು ಅಲ್ಲಿ ತೋರಿಸುವ ಮೂಳೆಯಂಥದ್ದರ ಮುಂದೆ ನಾನು ಬಾಯಿಬಿಟ್ಟು ನಿಂತಿದ್ದೆ. ‘ಇವನ ತಂಗಿಯನ್ನೇ ಭೀಮ ಮದುವೆಯಾದ’ ಎಂದರು ಅಜ್ಜಿ. ಅಣ್ಣನನ್ನು ಕೊಂದವನ ಜೊತೆ ಅವಳು ಹೇಗೆ ಬಾಳಿದಳು ಎಂದು ಇಳಿಯುವ ದಾರಿಯುದ್ದಕ್ಕೂ ಕೇಳುತ್ತಿದ್ದೆ. ಆ ಮದುವೆಯ ಮಗ ಘಟೋತ್ಕಚ. ತಾಯಿಯ ಕಡೆಯಿಂದ ಮಾಯೆ ಬಂದಿತ್ತು, ಇರುಳಿನ ಬಲ ಬಂದಿತ್ತು. ಅಪ್ಪ ನೆನೆದಾಗಲೆಲ್ಲ ಬಂದ. ಕರ್ಣ ಅರ್ಜುನನಿಗೆಂದು ಕಾದಿರಿಸಿದ್ದ ಶಕ್ತ್ಯಾಯುಧವನ್ನು ತನ್ನ ಎದೆಗೆ ತೆಗೆದುಕೊಂಡು ಸತ್ತ. ಪಾಂಡವರು ಅಳುತ್ತಿದ್ದಾಗ ಕೃಷ್ಣ ಹರ್ಷಪಟ್ಟ. ಇವನು ಯಜ್ಞದ್ವೇಷಿ, ಕರ್ಣ ಕೊಲ್ಲದಿದ್ದರೆ ನಾನೇ ಕೊಲ್ಲಬೇಕಾಗುತ್ತಿತ್ತು ಎಂದು ವ್ಯಾಸಭಾರತದ ದ್ರೋಣಪರ್ವದಲ್ಲಿ ಕೃಷ್ಣ ಹೇಳುತ್ತಾನೆ. ಆ ಮಾತು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತನ್ನವರಿಗಾಗಿ ಪ್ರಾಣ ಕೊಟ್ಟ ಮೇಲೂ ಅವರವನಾಗದೆ ಉಳಿದ ಮಗ ಅವನು. ನಿಮ್ಮ ಟೀಫ್ಲಿಂಗ್ ಆಡುವ ಗೆಳತಿಗೆ ಈ ಪ್ರಸಂಗ ಓದಿ ಹೇಳಿ, ಪಾತ್ರಕ್ಕೆ ಬೇಕಾದ ತೂಕ ತಾನಾಗಿ ಬರುತ್ತದೆ. ಹೆಸರನ್ನು ಮಾತ್ರ ಟೀಫ್ಲಿಂಗ್ ಎಂದೇ ಇಟ್ಟುಕೊಳ್ಳಿ. ಬಸ್ಸು, ಪೆನ್ನು ದಕ್ಕಿದ ಕನ್ನಡಕ್ಕೆ ಅದೂ ದಕ್ಕುತ್ತದೆ.

(ಇನ್ನೊಂದು ಸಲಹೆ. ಏಳುಸುತ್ತಿನ ಕೋಟೆಯನ್ನೇ ನಿಮ್ಮ ಡಂಜನ್ ಮಾಡಿಕೊಳ್ಳಿ. ಓಬವ್ವನ ಕಿಂಡಿಯಲ್ಲಿ ಒಬ್ಬರೇ ತೂರುವಷ್ಟು ಜಾಗ. ಅಲ್ಲಿ ನಿಂತವಳಿಗೆ ಮಂತ್ರವೂ ಇರಲಿಲ್ಲ, ಕೋಡೂ ಇರಲಿಲ್ಲ, ಕೈಗೆ ಸಿಕ್ಕ ಒನಕೆ ಮಾತ್ರ ಇತ್ತು.)

ನಿಮ್ಮ ತಾಯಿಯವರ ಆತಂಕವನ್ನು ಹಗುರವಾಗಿ ಕಾಣಬೇಡಿ. 1980ರ ದಶಕದಲ್ಲಿ ಅಮೆರಿಕದ ಎಷ್ಟೋ ತಂದೆತಾಯಿಗಳು ಹೀಗೆಯೇ ಹೆದರಿದ್ದರು. ಆ ಒತ್ತಡಕ್ಕೆ 1989ರ ಎರಡನೆಯ ಆವೃತ್ತಿಯಲ್ಲಿ ಡೆವಿಲ್, ಡೀಮನ್ ಎಂಬ ಹೆಸರುಗಳನ್ನೇ ಕೈಬಿಟ್ಟು, ಮುಂದೆ ಬಾಟೆಜು, ಟನಾರಿ ಎಂದು ಕರೆದರು. ಹೆಸರು ಬದಲಾದರೂ ಕೋಡು ಅಲ್ಲೇ ಇತ್ತು. ಅಮ್ಮನವರ ಮುಂದೆ ಪುಸ್ತಕ ಹಿಡಿದು ವಾದ ಮಾಡಬೇಡಿ. ಊರಿನ ಬಯಲಾಟ ನೆನಪಿಸಿ. ರಾತ್ರಿಯಿಡೀ ರಾಕ್ಷಸನಾಗಿ ಅಬ್ಬರಿಸಿ ಮಕ್ಕಳನ್ನು ಅಳಿಸಿದವನು ಬೆಳಗಿನ ಜಾವ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಾ ಚಹಾ ಕೇಳುತ್ತಿದ್ದ, ಅವನ ಮನೆಯವರು ಕಿರೀಟವನ್ನು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದರು. ನೀವು ಮಾಡುತ್ತಿರುವುದೂ ವೇಷ ಕಟ್ಟುವುದೇ, ಬಣ್ಣದ ಬದಲು ಪೆನ್ಸಿಲ್ಲು, ಮದ್ದಳೆಯ ಬದಲು ಇಪ್ಪತ್ತು ಮುಖದ ದಾಳ. ಒಂದು ಭಾನುವಾರ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆಡಿ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಫೋನಿನಲ್ಲಿ ಬೇಡ, ಆ ಗೆಳೆಯನ ಮನೆಗೇ ಹೋಗಿ. ಹೊಸ ಹಾಳೆ ತೆಗೆದುಕೊಂಡು ಹೋಗಿ, ತಪ್ಪಾಯಿತು ಎಂದು ಹೇಳಿ. ಆಮೇಲೆ ಪೆನ್ಸಿಲ್ಲನ್ನು ಅವನ ಕೈಗೆ ಕೊಟ್ಟು, ಯಾರ ವೇಷ ಕಟ್ಟಬೇಕೆಂದು ಆಸೆಯಿದೆ ಎಂದು ಕೇಳಿ. ಅವನು ಬರೆದು ಮುಗಿಸುವ ತನಕ ನೀವು ಮಾತನಾಡಬೇಡಿ.

— ಸಂಪಾದಕ