ಎಲ್ಲ ಧರ್ಮಗಳಿಗೂ ಸೇರಿ ಒಂದು ಪಾಠ ಮಾಡಬಹುದಾ?

ಪ್ರಶ್ನೆ: ಭಾನುವಾರ ನಮ್ಮ ಬಡಾವಣೆಯ ಮಕ್ಕಳನ್ನು ಸೇರಿಸಿ ಕಥೆ ಹೇಳುತ್ತೇನೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನ, ಎಲ್ಲ ಮನೆಯ ಮಕ್ಕಳೂ ಬರುತ್ತಾರೆ. ಪ್ರಪಂಚದ ಧರ್ಮಗಳ ಒಳ್ಳೆಯ ಮಾತು ಸೇರಿಸಿ ಒಂದು ಪುಟ್ಟ ಪುಸ್ತಕ ಮಾಡುವ ಆಸೆ. ‘ಎಲ್ಲ ಧರ್ಮ ಹೇಳೋದೂ ಒಂದೇ ಅಂತ ಬರೆದುಬಿಡು, ಗಲಾಟೆಯೇ ಇರಲ್ಲ’ ಅಂತಾರೆ ನಮ್ಮೆಜಮಾನರು. ಸರೀನಾ? ಪ್ರಾರ್ಥನೆಗಳನ್ನೂ ಸೇರಿಸಲಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಪುಸ್ತಕ ಖಂಡಿತ ಮಾಡಿ. ಆ ಒಂದು ಸಾಲು ಮಾತ್ರ ಬೇಡ.

ಮೈಸೂರಿನ ಒಂದು ಬೇಸಿಗೆ ಶಿಬಿರಕ್ಕೆ ನಾವೂ ಇಂಥದೇ ಪಾಠ ಬರೆದಿದ್ದೆವು. ದಾಸೋಹ, ಸಿಖ್ಖರ ಲಂಗರ್, ಮುಸ್ಲಿಮರ ಜಕಾತ್ ಮೂರನ್ನೂ ‘ದಾನ’ ಅನ್ನುವ ಒಂದೇ ತಲೆಬರಹದ ಕೆಳಗೆ ಹಾಕಿದ್ದೆ. ಅಚ್ಚಿಗೆ ಕೊಡುವ ಮೊದಲು ಪಕ್ಕದ ಬೀದಿಯ ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು, ಆ ಪದದ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ‘ಜಕಾತ್ ಮನಸ್ಸು ಬಂದಾಗ ಕೊಡೋದಲ್ಲಮ್ಮ, ನಿಗದಿ ಮಿತಿ ದಾಟಿ ವರ್ಷವಿಡೀ ಉಳಿದ ದುಡ್ಡಲ್ಲಿ 40ಕ್ಕೆ 1 ಪಾಲು ಬಡವರ ಹಕ್ಕು, ಅದು ನಮ್ಮದೇ ಅಲ್ಲ’ ಅಂದರು. ಆಮೇಲೆ ಯೋಚಿಸಿದೆ. ದಾಸೋಹವೂ ಬರೀ ದಾನ ಅಲ್ವಲ್ಲ! ‘ನಾನು ಕೊಟ್ಟೆ’ ಅನ್ನೋದು ಬಂದರೆ ಅಲ್ಲಿಗೆ ದಾಸೋಹ ಮುಗಿಯಿತು. ಲಂಗರ್‌ನಲ್ಲಂತೂ ಯಾರೇ ಆಗಲಿ ಒಂದೇ ಸಾಲಿನಲ್ಲಿ ನೆಲದ ಮೇಲೆ ಕೂತು ಉಣ್ಣುವುದೇ ಪಾಠ. ಮೂರು ಕಡೆಯೂ ಹಸಿದವರಿಗೆ ಊಟ ಸಿಗುತ್ತದೆ, ಒಳಗಿನ ಮಾತು ಬೇರೆ ಬೇರೆ. ‘ಎಲ್ಲ ಒಂದೇ’ ಅಂದಿದ್ದರೆ ಮಕ್ಕಳಿಗೆ ಈ ಮೂರರಲ್ಲಿ ಒಂದೂ ಸಿಗುತ್ತಿರಲಿಲ್ಲ.

ಹಾಗಾಗಿ ಧರ್ಮಕ್ಕೊಂದು ಅಧ್ಯಾಯ ಅಂತ ಹೋಗಬೇಡಿ, ಅನ್ನ, ನೀರು, ಸಾವು, ಕ್ಷಮೆ ಹೀಗೆ ವಿಷಯ ಹಿಡಿಯಿರಿ. ಪ್ರತಿ ಪುಟವನ್ನೂ ಆ ಧರ್ಮದಲ್ಲೇ ಬೆಳೆದವರು ಓದಿ ತಿದ್ದಲಿ. ಅವರು ಹೊಡೆದುಹಾಕಿದ ಪದಕ್ಕಾಗಿ ವಾದ ಮಾಡಬೇಡಿ.

ಗಲಾಟೆಯ ಭಯಕ್ಕೆ ಹಳೆಯ ಉತ್ತರವೊಂದು ನಮ್ಮ ರಾಜ್ಯದಲ್ಲೇ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಸೂರು ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಅವನ 12ನೇ ಶಾಸನವೂ ಅದರಲ್ಲಿದೆ. ನಿಮ್ಮ ಪಂಥ ಹೊಗಳಿಕೊಂಡು ಇನ್ನೊಬ್ಬರದನ್ನು ತೆಗಳಬೇಡಿ, ಮಾತಿನಲ್ಲಿ ಹಿಡಿತ ಇರಲಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಿ ಅಂತ ಅದರ ತಾತ್ಪರ್ಯ. ಎಲ್ಲರೂ ಒಂದಾಗಿ ಅಂತ ಅವನು ಹೇಳಲಿಲ್ಲ, ಕೇಳಿಸಿಕೊಳ್ಳಿ ಅಂದ. 1993ರಲ್ಲಿ ಷಿಕಾಗೋದ ವಿಶ್ವಧರ್ಮ ಸಮ್ಮೇಳನದಲ್ಲಿ ಹಲವು ಧರ್ಮದವರು ಒಂದು ಜಾಗತಿಕ ನೀತಿಯ ಘೋಷಣೆಗೆ ಸಹಿ ಹಾಕಿದರು. ಅದರ ಕರಡು ಕ್ರೈಸ್ತ ಧರ್ಮಶಾಸ್ತ್ರ ಪಂಡಿತ ಹಾನ್ಸ್ ಕ್ಯುಂಗ್ ಅವರದು. ಅಲ್ಲೂ ದೇವರ ಬಗ್ಗೆ ಒಮ್ಮತ ಹುಡುಕಲಿಲ್ಲ. ಕೊಲ್ಲಬಾರದು, ಕದಿಯಬಾರದು, ಸುಳ್ಳಾಡಬಾರದು ಅನ್ನುವಂಥ ನಡವಳಿಕೆಯಲ್ಲಿ ಒಪ್ಪಿಕೊಂಡರು.

ಪ್ರಾರ್ಥನೆ ಪುಸ್ತಕದಲ್ಲಿರಲಿ, ಅರ್ಥ ತಿಳಿಯಲಿ. ಎಲ್ಲರ ಕೈಲೂ ಹೇಳಿಸಬೇಡಿ. ಇನ್ನೊಬ್ಬರ ಪೂಜೆ, ನಮಾಜು ತಿಳಿದುಕೊಳ್ಳುವುದು ಬೇರೆ, ಮಾಡುವುದು ಬೇರೆ. ತಂದೆತಾಯಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ನೀವಿರುವುದು ಮಂಡ್ಯದಲ್ಲಿ. ಶ್ರೀರಂಗಪಟ್ಟಣಕ್ಕೆ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ರಂಗನಾಥನ ಗುಡಿ, ಜಾಮಿಯಾ ಮಸೀದಿ ಎರಡನ್ನೂ ತೋರಿಸಿ. ಕಂಬದಹಳ್ಳಿಯ ಜೈನ ಬಸದಿ ನಿಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ, ಮೊದಲ ಪಾಠ ಅವುಗಳಿಂದಲೇ ಶುರುವಾಗಲಿ.